ಒಂದು ಪಾವು ತೌಡಿಗೆ ಬಂದ ಹೆಸರು

ಮಾಲೂರಿನಿಂದ ಲಕ್ಕೂರಿಗೆ ಹೋಗುವ ರಸ್ತೆಯ ಪಕ್ಕದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವರೆಲ್ಲ ಕೊನೆಗೆ ಒಂದು ಕೆಲಸ ಮಾಡುತ್ತಾರೆ. ಗೇಟಿನ ಕಂಬಕ್ಕೆ ಕಪ್ಪು ಗ್ರಾನೈಟ್ ಹಲಗೆ ಕೂರಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ತಾಯಿಯ ಹೆಸರು ಕೆತ್ತಿಸುತ್ತಾರೆ. ತಾಯಂದಿರ ಮೇಲೆ ಆ ಬಡಾವಣೆಗೆ ಇರುವಷ್ಟು ಪ್ರೀತಿ ಕೋಲಾರ ಜಿಲ್ಲೆಯ ಬೇರೆಲ್ಲೂ ಇರಲಾರದು. ಹೊಸ ಸೋಫಾದ ಮೇಲೆ ತಾಯಿ ಕಾಲು ಮಡಚಿ ಕೂತರೆ ಮುಖ ಸಿಂಡರಿಸುವ ಮನೆಗಳಲ್ಲೂ ಗೇಟಿನ ಮೇಲೆ ಮಾತ್ರ ಅವಳು ಬಿಸಿಲು ಮಳೆಯೆನ್ನದೆ ಹೊಳೆಯುತ್ತಿರುತ್ತಾಳೆ.

ಕದಿರೇಶನೂ ಅಲ್ಲಿ ಮನೆ ಕಟ್ಟಿದ. ಮಾಲೂರಿನ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಯಂತ್ರದ ಮುಂದೆ ನಿಂತವನು. ಆಷಾಢ ಬರುವುದರೊಳಗೆ ಗೃಹಪ್ರವೇಶ ಮುಗಿಯಬೇಕು. ಕಲ್ಲು ಕೆತ್ತುವವನು ಶುಕ್ರವಾರ ಹೆಸರು ಬೇಕೇ ಬೇಕೆಂದು ಹೇಳಿಬಿಟ್ಟ. ಕದಿರೇಶನ ಕಷ್ಟ ಶುರುವಾದದ್ದು ಅಲ್ಲಿಂದ. ಅವನ ತಾಯಿಯ ಹೆಸರು ತೌಡಮ್ಮ.

ಅಕ್ಕಿಯ ಮೈಮೇಲಿನ ತೆಳ್ಳನೆಯ ಪುಡಿ, ದನಕ್ಕೆ ಹಾಕುವ ತೌಡು, ಅದಕ್ಕೆ ಒಬ್ಬ ಅಮ್ಮ. ಬೇರೆ ಅರ್ಥವಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಹೆಚ್ಚುಕಡಿಮೆ ಅದೇ ಮಾತಾದ್ದರಿಂದ ಎರಡು ಭಾಷೆಯವರೂ ಯಾರ ಸಹಾಯವೂ ಇಲ್ಲದೆ ನಗಬಹುದಾದ ಹೆಸರು ಅದು.

ಭಾನುವಾರ ಕದಿರೇಶ ಹೆಂಡತಿ ಶ್ವೇತಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗೌನಿಪಲ್ಲಿಯ ಪಕ್ಕದ ತನ್ನ ಊರಿಗೆ ಬಂದ. ತೌಡಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಗಂಡ ಆಂಜಿನಪ್ಪ ಕಂಬಕ್ಕೆ ಒರಗಿ, ಮಾತಾಡದೆ ಇರುವ ತನ್ನ ನಿತ್ಯದ ಕೆಲಸ ಮಾಡುತ್ತಿದ್ದ.

"ಅಮ್ಮಾ, ಬೇಜಾರು ಮಾಡ್ಕೋಬೇಡ. 'ತೌಡಮ್ಮ ನಿಲಯ' ಅಂತ ಹಾಕಿದ್ರೆ ಜನ ಬೂಸಾ ಅಂಗಡಿ ಅನ್ಕೊಂಡು ಗೇಟು ತಟ್ತಾರೆ."

"ತಟ್ಲಿ ಬಿಡೋ. ಎರಡು ಮೂಟೆ ತಂದಿಟ್ಕೊ."

"ತಮಾಷೆ ಅಲ್ಲಮ್ಮ. 'ತನುಶ್ರೀ ನಿಲಯ' ಅಂತ ಹಾಕಿಸ್ಲಾ?"

"ಅವಳ್ಯಾರೋ?"

"ನೀನೇ."

ತೌಡಮ್ಮ ಒಂದು ಬೀಜವನ್ನು ಅಂಗಳಕ್ಕೆ ಎಸೆದಳು. "ಹೆತ್ತೋಳು ನಾನು, ಕಲ್ಲಿನ ಮೇಲೆ ಅವಳಾ? ನಿಮ್ಮಪ್ಪನ್ನ ಕೇಳು, ತನುಶ್ರೀ ಜೊತೆ ಯಾವಾಗ ಸಂಸಾರ ಮಾಡ್ದ ಅಂತ."

ಆಂಜಿನಪ್ಪ ಬೀಡಿಯನ್ನು ಬಾಯಿಂದ ತೆಗೆದು, "ಹೆಸರು ಚೆನ್ನಾಗೈತೆ" ಎಂದ. ಅವತ್ತಿನ ಅವನ ಮಾತು ಮುಗಿಯಿತು.

ಶ್ವೇತ ನಕ್ಕಳು. ಅತ್ತೆ ನಗಲಿಲ್ಲ. ಹುಣಸೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಐವತ್ತೇಳು ವರ್ಷಗಳಿಂದ ಮಡಚಿಟ್ಟಿದ್ದ ಬಟ್ಟೆಯೊಂದನ್ನು ಬಿಡಿಸುವವಳ ಹಾಗೆ ನಿಧಾನವಾಗಿ ಹೇಳಿದಳು: "ನಂಗೆ ಇನ್ನೊಂದು ಹೆಸರಿದೆ ಕಣೋ. ಒಳ್ಳೇದು. ಅಕ್ಕ ಇಟ್ಟಿದ್ದು. ಅದೇನು ಅಂತ ನಂಗೇ ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ. ಅದನ್ನೇ ಹಾಕ್ಸು."

ಅಕ್ಕ ಎಂದರೆ ಅವಳ ಹೆತ್ತ ತಾಯಿ ಮುತ್ಯಾಲಮ್ಮ. ಹೆತ್ತವಳನ್ನು ಅಕ್ಕ ಎನ್ನುವುದೂ, ಸ್ವಂತ ಹೆಸರನ್ನು ಬೇರೆಯವರ ಮನೆಗೆ ಹೋಗಿ ಕೇಳಿಕೊಂಡು ಬರುವುದೂ ಶ್ವೇತಳಿಗೆ ಹೊಸದು. ಊರಿಗೆ ಹಳೆಯದು.

ಮುತ್ಯಾಲಮ್ಮನಿಗೆ ತೌಡಮ್ಮನಿಗಿಂತ ಮೊದಲು ಮೂರು ಹೆಣ್ಣು ಹುಟ್ಟಿದ್ದವು. ಮೂರಕ್ಕೂ ಹನ್ನೊಂದನೆಯ ದಿನ ತೊಟ್ಟಿಲು ಕಟ್ಟಿ, ಪಂಚಾಂಗ ನೋಡಿಸಿ, ಕೇಳಿದವರು ಹೌದೆನ್ನುವಂಥ ಹೆಸರು ಇಟ್ಟರು. ಮೂರೂ ಒಂದು ತಿಂಗಳು ತುಂಬುವ ಮೊದಲೇ ಹೋದವು. ಆಸ್ಪತ್ರೆ ದೂರವಿತ್ತು. ದೂರದ ಆಸ್ಪತ್ರೆಯನ್ನು ದೂರುವುದಕ್ಕಿಂತ ಹತ್ತಿರದ ಯಮನನ್ನು ದೂರುವುದು ಸುಲಭವಾದ್ದರಿಂದ ಊರಿನ ಹಿರಿಯರೆಲ್ಲ ಸೇರಿ ಕಾರಣ ಕಂಡುಹಿಡಿದರು: ಹೆಸರು ಚೆನ್ನಾಗಿದ್ದರೆ ಯಮನಿಗೆ ಆಸೆ ಹುಟ್ಟುತ್ತದೆ. ಇಡೀ ಲೋಕದ ಲೆಕ್ಕ ಇಡುವ ಯಮಧರ್ಮ, ಗೌನಿಪಲ್ಲಿ ಕಡೆಗೆ ಬಂದಾಗ ಮಾತ್ರ ಹೆಸರು ಓದಿ ಮೋಸಹೋಗುವ ಪೆದ್ದನಾಗಿಬಿಡುತ್ತಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದ್ದರಿಂದ ನಾಲ್ಕನೆಯ ಕೂಸನ್ನು ಮಾರಿದರು. ಮಾರುವ ಕ್ರಮವೇ ಒಂದು ನಾಟಕ. ಕೂಸನ್ನು ಹಳೇ ಮೊರದಲ್ಲಿ ಮಲಗಿಸಿ ಮನೆಯ ಹಿಂದಿನ ತಿಪ್ಪೆಯ ಮೇಲಿಟ್ಟರು. ಹೆತ್ತ ಮಕ್ಕಳೆಲ್ಲ ಉಳಿದಿರುವ ಹೆಂಗಸೊಬ್ಬಳು, ಏನೋ ಕೆಲಸಕ್ಕೆ ಹೋಗುತ್ತಿರುವವಳಂತೆ, ಆ ದಾರಿಯಲ್ಲಿ ಬರಬೇಕು. ಬಂದವಳು ದೊಡ್ಡಗಂಗಮ್ಮ. ಆಗಲೇ ಮೂರು ಗಂಡು ಹೆತ್ತಿದ್ದವಳು, ಆಮೇಲೆ ಇನ್ನೆರಡು ಗಂಡು ಹೆತ್ತವಳು.

"ಯಾರ್ದೇ ಇದು ಕೂಸು?" ಎಂದು ಅವಳು ಕೇಳಬೇಕು.

"ಯಾರ್ದೋ ಏನೋ, ತಿಪ್ಪೇಲಿ ಬಿದ್ದಿತ್ತು" ಎಂದು ಹೆತ್ತವಳು ಹೇಳಬೇಕು.

ದೊಡ್ಡಗಂಗಮ್ಮ ಮಡಿಲಿನಲ್ಲಿ ತಂದಿದ್ದ ಒಂದು ಪಾವು ತೌಡನ್ನು ಮುತ್ಯಾಲಮ್ಮನ ಸೆರಗಿಗೆ ಸುರಿದು ಕೂಸನ್ನು ಎತ್ತಿಕೊಂಡಳು. ಮನೆಯ ಸುತ್ತ ಒಂದು ಸುತ್ತು ಬಂದು, "ನನ್ನ ಮಗೂನ ನಿನ್ನ ಹತ್ರ ಬಿಟ್ಟಿರ್ತೀನಿ, ಹಾಲು ಕೊಟ್ಟು ಸಾಕು" ಎಂದು ತಿರುಗಿ ಕೊಟ್ಟಳು. ಅಲ್ಲಿಂದ ಕೂಸಿನ ಹೆಸರು ತೌಡಮ್ಮ. ಕೊಂಡವಳು ಅಮ್ಮ. ಹೆತ್ತವಳು ಬರೀ ಅಕ್ಕ.

ಆ ಕ್ರಮದಲ್ಲಿ ಇನ್ನೂ ಒಂದು ಮಾತಿದೆ. ಹೆತ್ತವಳು ಮನಸ್ಸಿನಲ್ಲೇ ಒಂದು ನಿಜವಾದ ಹೆಸರು ಇಟ್ಟು, ಅದನ್ನು ಒಂದೇ ಒಂದು ಸಲ, ಕೊಂಡವಳ ಕಿವಿಯಲ್ಲಿ ಹೇಳಿ, ಮತ್ತೆ ಬಾಯಿ ಬಿಡಬಾರದು. ಬಿಟ್ಟರೆ ಯಮನಿಗೆ ಕೇಳಿಸುತ್ತದೆ. ಹೆಣ್ಣು ದೊಡ್ಡದಾಗಿ ಮದುವೆಯಾಗುವ ದಿನ ಅಷ್ಟೇ ತೌಡು ಹಿಂತಿರುಗಿಸಿದರೆ, ಕೊಂಡವಳು ಆ ಹೆಸರನ್ನು ಕೂಗಿ ಕರೆದು ಮಗಳನ್ನು ವಾಪಸ್ ಒಪ್ಪಿಸುತ್ತಾಳೆ. ಅವತ್ತಿನಿಂದ ಅಕ್ಕ, ಅಮ್ಮ ಆಗುತ್ತಾಳೆ.

ತೌಡಮ್ಮನ ವಿಷಯದಲ್ಲಿ ಅದು ಆಗಲೇ ಇಲ್ಲ. ಮದುವೆಯ ದಿನ ಅವಳ ಅಪ್ಪ ಚನ್ನರಾಯಪ್ಪ ಶ್ರೀನಿವಾಸಪುರದ ಮಿಲ್ಲಿನಿಂದ ತೌಡು ತಂದ. ದೊಡ್ಡಗಂಗಮ್ಮ ಬೆರಳಲ್ಲಿ ಮುಟ್ಟಿ, "ನಾನು ಕೊಟ್ಟಿದ್ದು ಒನಕೆ ತೌಡು. ಮಿಲ್ಲಿಂದು ಬೇಡ" ಎಂದಳು. ಕದಿರೇಶ ಹುಟ್ಟಿದಾಗ ಮುತ್ಯಾಲಮ್ಮ ತಾನೇ ಕುಟ್ಟಿ ತಂದಳು. ಅವತ್ತು ಅಮಾವಾಸ್ಯೆ ಎಂದು ದೊಡ್ಡಗಂಗಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಎಂಟು ವರ್ಷದ ಹಿಂದೆ ಮುತ್ಯಾಲಮ್ಮ ಹಾಸಿಗೆ ಹಿಡಿದಾಗ ತೌಡಮ್ಮ ಹೋಗಿ ಬೇಡಿಕೊಂಡಳು. "ಮಾರಿದೋಳು ಅವಳು, ಅವಳೇ ನಡ್ಕೊಂಡು ಬರ್ಲಿ" ಎಂದಳು ದೊಡ್ಡಗಂಗಮ್ಮ. ಮುತ್ಯಾಲಮ್ಮ ನಡೆದು ಹೋದದ್ದು ಬೇರೆ ಕಡೆಗೆ. ಕೊನೆಯ ದಿನ ಮಗಳ ಮುಖ ನೋಡುತ್ತ ಅವಳ ತುಟಿ ಅಲುಗಿತು. ಆಮೇಲೆ ಅವಳೇ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಂಡಳು. ನಲವತ್ತೊಂಬತ್ತು ವರ್ಷದ ಮಗಳು, ಮೊಣಕಾಲು ನೋವಿನವಳು, ಮೊಮ್ಮಗನ ಕನಸು ಕಾಣುತ್ತಿದ್ದವಳು, ಯಮನ ಕಣ್ಣಿಗೆ ಬಿದ್ದಾಳೆಂದು ಆ ಮುದುಕಿಗೆ ಭಯ.

ಹಾಗಾಗಿ ತೌಡಮ್ಮ ತನ್ನ ತಾಯಿಯನ್ನು ಒಂದು ಸಲವೂ ಅಮ್ಮ ಎಂದು ಕರೆದಿಲ್ಲ. ಈಗ ಆ ಇನ್ನೊಂದು ಹೆಸರು ಭೂಮಿಯ ಮೇಲೆ ಇರುವುದು ಒಂದೇ ತಲೆಯೊಳಗೆ. ಆ ತಲೆಗೆ ಎಂಬತ್ತಾರು ವರ್ಷ.

ಆ ಹೆಸರು ಏನಿರಬಹುದೆಂದು ತೌಡಮ್ಮ ಬದುಕಿಡೀ ಊಹಿಸಿದ್ದಾಳೆ. ಶಾಲೆಯಲ್ಲಿ ಹಾಜರಿ ಕೂಗುವಾಗ ತನ್ನ ಸರದಿ ಬಂದೊಡನೆ ಇಡೀ ತರಗತಿ ದನದ ಹಾಗೆ 'ಅಂಬಾ' ಎನ್ನುತ್ತಿದ್ದುದರಿಂದ ನಾಲ್ಕನೆಯ ಕ್ಲಾಸಿಗೆ ವಿದ್ಯೆ ಸಾಕೆನಿಸಿತ್ತು. ಮೂವತ್ತು ವರ್ಷಗಳಿಂದ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ವಿಂಗಡಿಸುತ್ತಾಳೆ. ಕಣ್ಣು ಮುಚ್ಚಿ ಕಾಯಿ ಮುಟ್ಟಿದರೆ, ಇದು ನಾಡಿದ್ದಿಗೆ ಹಣ್ಣು, ಇದು ಒಳಗೇ ಕೊಳೆತಿದೆ ಎಂದು ಹೇಳಬಲ್ಲ ಕೈ. ನೀಲಂ, ಮಲ್ಲಿಕಾ, ರಸಪುರಿ, ಬಾದಾಮಿ. ಬುಟ್ಟಿಯಲ್ಲಿ ಬಿದ್ದಿರುವ ಕಾಯಿಗಳಿಗೂ ತನಗಿಂತ ಒಳ್ಳೆಯ ಹೆಸರುಗಳಿವೆ ಎಂಬುದನ್ನು ಅವಳು ಅಲ್ಲಿ ದಿನವೂ ಗಮನಿಸುತ್ತ ಬಂದಿದ್ದಳು. ಬೇಸರವೇನಿಲ್ಲ. ಮುತುವರ್ಜಿಯಿಂದ ಗಮನಿಸಿದ್ದಳು, ಅಷ್ಟೆ.

ವಿಷಯ ಹಬ್ಬಿದ ಕೂಡಲೇ ನಿವೃತ್ತ ಮೇಷ್ಟ್ರು ವೆಂಕಟರಮಣಪ್ಪ ಜಗಲಿಗೆ ಬಂದರು. ನಿವೃತ್ತಿಯ ನಂತರ ಅವರು ಹೆಸರುಗಳ ಮೂಲ ಹುಡುಕುವ ಕೆಲಸ ಹಿಡಿದಿದ್ದಾರೆ. ಯಾರೂ ಕೇಳದೆ ಇದ್ದರೂ ಬಿಡುವವರಲ್ಲ.

"ನೋಡಮ್ಮ, ತೌಡಮ್ಮ ಅನ್ನೋದು ಸಾಮಾನ್ಯ ಹೆಸರಲ್ಲ. ಹಿಂದೆ ಒಬ್ಬ ರಾಣಿ ಇದ್ಲು. ಶಾಸನದಲ್ಲಿದೆ."

"ಯಾವ ಶಾಸನ ಮೇಷ್ಟ್ರೇ?" ಎಂದಳು ಶ್ವೇತ.

"ಅದು ಇನ್ನೂ ಸಿಕ್ಕಿಲ್ಲ. ಸಂಶೋಧನೆ ನಡೀತಾ ಇದೆ."

"ಆ ರಾಣೀನೂ ತಿಪ್ಪೇಲೇ ಸಿಕ್ಕಿದ್ಲಾ?" ಎಂದಳು ತೌಡಮ್ಮ.

ಮೇಷ್ಟ್ರ ಮೊಮ್ಮಗಳ ಹೆಸರು ಹಂಸ್ವಿಕಾ. ಅರ್ಥ ಏನೆಂದರೆ ಮೊಬೈಲಿನಲ್ಲಿ 'ದೇವರ ಕೊಡುಗೆ' ಎಂದು ಬರುತ್ತದಂತೆ. ಎದುರುಮನೆಯ ಕೂಸು ಜಿಯಾನ್ವಿ, ಅದೂ ದೇವರ ಕೊಡುಗೆ. ಈಗ ಹುಟ್ಟುವ ಮಕ್ಕಳ ಹೆಸರುಗಳಿಗೆಲ್ಲ ಮೊಬೈಲು ಅದೊಂದೇ ಅರ್ಥ ಇಟ್ಟುಕೊಂಡಿದೆ. ತನ್ನ ಹೆಸರು ಎಲ್ಲಿಂದ ಬಂತು, ಎಷ್ಟಕ್ಕೆ ಬಂತು, ಯಾವ ದಿನ ಬಂತು ಎಂದು ಸಾಕ್ಷಿ ಸಮೇತ ಹೇಳಬಲ್ಲವಳು ಇಡೀ ಊರಿನಲ್ಲಿ ತೌಡಮ್ಮ ಒಬ್ಬಳೇ. ನಗುವುದು ಮಾತ್ರ ಅವಳನ್ನು ನೋಡಿ.

ಸೋಮವಾರ ಕದಿರೇಶ ತಾನೇ ಈ ಕೆಲಸ ಮುಗಿಸಿಬಿಡುತ್ತೇನೆಂದು ಹೊರಟ. ಮಾಲೂರಿನ ದೊಡ್ಡ ಅಂಗಡಿಯೊಂದರಲ್ಲಿ, ನಡಿಗೆಯ ಬೂಟು ಹಾಕಿಕೊಂಡವರು ಕೊಳ್ಳುವ ಸಾಮಾನಿನ ಸಾಲಿನಲ್ಲಿ, ತೌಡು ಪೊಟ್ಟಣದಲ್ಲಿ ಸಿಕ್ಕಿತು. ಹೃದಯಕ್ಕೆ ಒಳ್ಳೆಯದು ಎಂದು ಮೇಲೆ ಬರೆದಿತ್ತು. ಬೆಲೆ ನೋಡಿದರೆ ಹೃದಯಕ್ಕೆ ಒಳ್ಳೆಯದೆಂದು ಹೇಳಲಾಗದು. ಅದನ್ನು ಹಿಡಿದು ದೊಡ್ಡಗಂಗಮ್ಮನ ಮನೆಗೆ ಹೋದ. ಅವಳು ಹಿರಿಮಗ ಮುನಿಶಾಮಿಯ ಮನೆಯ ಜಗಲಿಯಲ್ಲಿ, ಸುತ್ತ ಕೋಳಿಗಳ ನಡುವೆ, ಗೋಡೆಗೆ ಒರಗಿ ಕೂತಿದ್ದಳು.

"ಅಜ್ಜೀ, ತೌಡು ತಂದಿದೀನಿ. ನಮ್ಮಮ್ಮನ್ನ ಬಿಟ್ಕೊಡು."

ಅವಳು ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಏಮಿರಾ ಇದಿ? ಔಷಧೀನಾ?"

"ತೌಡೇ ಅಜ್ಜಿ. ಪ್ಯಾಕೆಟ್ ತೌಡು."

"ಪ್ಯಾಕೆಟ್ ಕೊಟ್ಟು ನಿನ್ನ ಹೆಂಡ್ತೀನ ತಗೊಂಡು ಬಂದ್ಯಾ? ನಾನು ಕೊಟ್ಟಿದ್ದು ಕೈಯಲ್ಲಿ ಕುಟ್ಟಿದ್ದು. ಕೈಯಲ್ಲಿ ಕುಟ್ಟಿದ್ದೇ ಬರಬೇಕು. ಎತ್ಕೊಂಡೋಗು, ಕೋಳಿ ತಿಂದ್ರೆ ಸತ್ತೋಗ್ತವೆ."

ಕದಿರೇಶ ಸಿಟ್ಟಿನಿಂದ ಮರಳಿದ. "ಅಮ್ಮಾ, ಆ ಮುದುಕಿಗೆ ನಿನ್ನ ಬಿಡೋ ಮನಸ್ಸೇ ಇಲ್ಲ. ಬಿಟ್ಟಿ ಮಗಳು ಸಿಕ್ಕಿದೀಯಲ್ಲ, ಐದು ಸೊಸೇರಿದ್ರೂ ತಲೆಗೆ ಎಣ್ಣೆ ಹಾಕೋಕೆ ನೀನೇ ಬೇಕು."

ಅದು ಸುಳ್ಳಲ್ಲ. ಶುಕ್ರವಾರ ಶುಕ್ರವಾರ ತೌಡಮ್ಮ ಹೋಗಿ ದೊಡ್ಡಗಂಗಮ್ಮನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾಳೆ. ಸೊಸೆಯರು ಬಾಚಣಿಗೆ ಮುಟ್ಟಿದರೆ ಮುದುಕಿ ಕೂಗಾಡುತ್ತಾಳೆ. ಸೊಸೆಯರು ಈ ಅನ್ಯಾಯವನ್ನು ಬಹಳ ಸಂತೋಷದಿಂದ ಸಹಿಸಿಕೊಂಡಿದ್ದಾರೆ.

"ಆಯ್ತು, ಕುಟ್ಟೇ ಕೊಡ್ತೀನಿ" ಎಂದಳು ತೌಡಮ್ಮ.

ಹೇಳುವುದು ಸುಲಭ. ಈ ಕಡೆ ಭತ್ತ ಬೆಳೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಶ್ವೇತಳ ತವರು ಕುರುಡುಮಲೆಯ ಹತ್ತಿರ. ಅಲ್ಲಿ ಅವಳಪ್ಪ ಮನೆಯ ಊಟಕ್ಕೆಂದು ಒಂದು ಮಡಿ ಭತ್ತ ಹಾಕುತ್ತಾರೆ. ಬುಧವಾರ ಶ್ವೇತ ಗಂಡನ ಜೊತೆ ಹೋಗಿ ಕುರುಡುಮಲೆ ಗಣೇಶನ ಮುಂದೆ ಗೃಹಪ್ರವೇಶದ ಕಾರ್ಡು ಇಟ್ಟು, ಹಿಂದಿರುಗುವಾಗ ತವರಿನಿಂದ ಐದು ಸೇರು ಭತ್ತ ತಂದಳು. ಆಮೇಲೆ ಒನಕೆಗೆ ಹುಡುಕಾಟ. ಊರಿನ ಮೂವತ್ತು ಮನೆ ತಿರುಗಿದರೂ ಒಂದೂ ಇಲ್ಲ. ಕೆಲವು ಒಲೆಗೆ ಹೋಗಿದ್ದವು. ಉಳಿದವನ್ನು ಹಳೇ ಸಾಮಾನಿನವನು ಕೊಂಡುಹೋಗಿದ್ದ. ಎಲ್ಲಿಗೆ ಹೋದವೆಂದು ಕದಿರೇಶನಿಗೆ ನೆನಪಾಯಿತು.

ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಪಕ್ಕ ಒಂದು ಹೋಟೆಲಿದೆ. ಹಳ್ಳಿಯ ವಾತಾವರಣ ಎಂದು ಬೋರ್ಡು. ಒಳಗೆ ಒರಳು, ಒನಕೆ, ಮೊರ, ಬೀಸುಕಲ್ಲು, ಒಂದು ಎತ್ತಿನ ಗಾಡಿಯ ಚಕ್ರ. ಎಲ್ಲಕ್ಕೂ ಕೆಮ್ಮಣ್ಣಿನ ಬಣ್ಣ ಬಳಿದು ಬಿಳಿ ಚಿತ್ತಾರ ಬರೆದಿದ್ದಾರೆ. ಹಳ್ಳಿಯಿಂದ ಬಂದ ಮಾಣಿಗಳು ಹಳ್ಳಿಯವರಂತೆ ಕಾಣಲೆಂದು ಪೇಟ ಕಟ್ಟಿಕೊಂಡು ದೋಸೆ ತಂದುಕೊಡುತ್ತಾರೆ. ಗುರುವಾರ ಬೆಳಿಗ್ಗೆ ಕದಿರೇಶ ತಾಯಿಯನ್ನೂ ಭತ್ತದ ಚೀಲವನ್ನೂ ಅಲ್ಲಿಗೆ ತಂದ.

"ಒನಕೆ ಒಂದು ದಿನಕ್ಕೆ ಕೊಡಪ್ಪ, ನಾಳೆ ತಂದ್ಕೊಡ್ತೀನಿ" ಎಂದಳು ತೌಡಮ್ಮ.

"ಆಗಲ್ಲ ಅಮ್ಮ, ಅದು ಡೆಕೊರೇಷನ್" ಎಂದ ಮ್ಯಾನೇಜರು.

"ಒನಕೆ ಕುಟ್ಟೋಕಲ್ವಾ ಇರೋದು?"

"ಇಲ್ಲ ಅಮ್ಮ. ಫೋಟೋ ತೆಗೆಯೋಕೆ."

"ಸರಿ. ಹಂಗಾದ್ರೆ ಫೋಟೋನೇ ತೆಕ್ಕೋ" ಎಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒರಳಿನೊಳಗೆ ಇಟ್ಟಿದ್ದ ಪ್ಲಾಸ್ಟಿಕ್ ಹೂವನ್ನು ತೆಗೆದು ಮೇಜಿನ ಮೇಲಿಟ್ಟು, ಭತ್ತ ಸುರಿದು ಕುಟ್ಟತೊಡಗಿದಳು.

ಮ್ಯಾನೇಜರು ತಡೆಯಲು ಬಂದವನು ನಿಂತ. ತಿಂಡಿ ತಿನ್ನುತ್ತಿದ್ದವರೆಲ್ಲ ತಟ್ಟೆ ಬಿಟ್ಟು ಎದ್ದು ಮೊಬೈಲು ಹಿಡಿದಿದ್ದರು. ಮೊದಲ ಸಲ ಕುಟ್ಟಿದಾಗ ಉದುರುವುದು ಹೊಟ್ಟು. ಅದನ್ನು ಕೇರಿ ಎಸೆದು, ಮತ್ತೆ ಕುಟ್ಟಿದಾಗ ಅಕ್ಕಿಯ ಮೈಯಿಂದ ಇಳಿಯುವುದು ತೌಡು. ಹೊಡೆತ ಜೋರಾದರೆ ಅಕ್ಕಿ ನುಚ್ಚಾಗುತ್ತದೆ, ಮೆಲ್ಲಗಾದರೆ ತೌಡು ಬಿಡುವುದಿಲ್ಲ. ಮೈಯನ್ನು ನೋಯಿಸದೆ ಚರ್ಮ ಬಿಡಿಸುವ ಕೆಲಸ. ತೌಡಮ್ಮನ ಕೈ ಅದನ್ನು ನಲವತ್ತು ವರ್ಷದ ಹಿಂದೆ ಅಕ್ಕನ ಎದುರಿಗೆ ನಿಂತು ಕಲಿತಿತ್ತು. ಒಂದು ಒರಳಿಗೆ ಎರಡು ಒನಕೆ. ಅಕ್ಕನದು ಇಳಿದಾಗ ತನ್ನದು ಏರಬೇಕು. ಈಗಲೂ ಪ್ರತಿ ಹೊಡೆತದ ನಂತರ ಅವಳ ಒನಕೆ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು, ಎದುರಿನ ಒನಕೆಗೆ ದಾರಿ ಬಿಟ್ಟ ಹಾಗೆ.

ಎರಡು ಗಂಟೆ ಹಿಡಿಯಿತು. ಚಿತ್ತಾರದ ಮೊರದಲ್ಲಿ ಕೇರಿದಾಗ ಅರ್ಧ ಚಿತ್ತಾರ ಉದುರಿಹೋಯಿತು. ಮ್ಯಾನೇಜರು ತಾನೇ ಕಾಫಿ ತಂದುಕೊಟ್ಟು, "ಅಮ್ಮ, ಪ್ರತಿ ಭಾನುವಾರ ಬಂದು ಹಿಂಗೆ ಕುಟ್ತೀರಾ? ಗಿರಾಕಿಗಳು ಖುಷಿ ಪಡ್ತಾರೆ" ಎಂದ.

"ನಿಮ್ಮ ಹೆಸರೇನಮ್ಮ? ವಿಡಿಯೋಗೆ ಹಾಕ್ಬೇಕು" ಎಂದಳು ಒಬ್ಬ ಹುಡುಗಿ.

"ನಾಳೆ ಗೊತ್ತಾಗುತ್ತೆ ಕಣಮ್ಮ" ಎಂದಳು ತೌಡಮ್ಮ.

ಶುಕ್ರವಾರ ಬೆಳಗಾಗುತ್ತಲೇ ತಲೆ ತೊಳೆದು, ಹಸಿರು ಸೀರೆ ಉಟ್ಟು, ಮೊರದಲ್ಲಿ ತೌಡು ಇಟ್ಟುಕೊಂಡು ಹೊರಟಳು. ಕದಿರೇಶ ಬಡಾವಣೆಗೆ ಮರಳಿದ್ದ. ಕಲ್ಲಿನವನ ಪಕ್ಕದಲ್ಲೇ ಫೋನು ಹಿಡಿದು ನಿಂತಿರುತ್ತೇನೆಂದು ಹೇಳಿದ್ದ. ಮುನಿಶಾಮಿಯ ಮನೆಯವರೆಲ್ಲ ತೋಟಕ್ಕೆ ಹೋಗಿದ್ದರು. ದೊಡ್ಡಗಂಗಮ್ಮ ಎಣ್ಣೆಯ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಮೊರ ಕಂಡು ಅವಳ ಮುಖ ಇಳಿಯಿತು.

"ಮೊದ್ಲು ತಲೆ ಬಾಚು. ಆಮೇಲೆ ಮಿಕ್ಕಿದ್ದು."

ತೌಡಮ್ಮ ಮೊರವನ್ನು ಎದುರಿಗಿಟ್ಟು, ಹಿಂದೆ ಕೂತು, ಹತ್ತಿಯಂಥ ಆ ನಾಲ್ಕು ಕೂದಲಿಗೆ ಎಣ್ಣೆ ಹಚ್ಚತೊಡಗಿದಳು. "ಒನಕೇದು ಅಮ್ಮ. ಕೈಯಲ್ಲಿ ಕುಟ್ಟಿದ್ದು. ಬೇಕಾದ್ರೆ ಅಂಗೈ ನೋಡು, ಬೊಬ್ಬೆ ಬಂದಿದೆ."

"ಅಳತೆ ಆಗಿದ್ಯಾ?"

"ಒಂದು ಪಾವು. ಮೇಲೆ ಗೋಪುರ ಬೇರೆ."

"ನನ್ನ ಪಾವಲ್ಲಿ ಅಳೀಬೇಕು."

"ನಿನ್ನ ಪಾವಲ್ಲೇ ಅಳ್ದೆ. ನಿನ್ನೆ ಸಂಜೆ ನಿನ್ನ ಸೊಸೆ ಹತ್ರ ಇಸ್ಕೊಂಡೋಗಿದ್ದೆ."

"ಅವಳ ಕೈ ಬಿದ್ದೋಗ! ಜರಡಿ ಹಿಡ್ದಿದೀಯಾ?"

"ಎರಡು ಸಲ."

"ಇವತ್ತು ಶುಕ್ರವಾರ ಕಣೇ. ಮನೆ ಮಗಳನ್ನ ಶುಕ್ರವಾರ ಕಳ್ಸ್ತಾರಾ ಯಾರಾದ್ರೂ?"

"ನಾಳೆ ಶನಿವಾರ ಅಂತೀಯ. ಮಂಗಳವಾರ ಆಗಲ್ಲ ಅಂತೀಯ. ನಂಗೆ ಐವತ್ತೇಳಾಯ್ತಮ್ಮ. ಇನ್ನು ಯಾವ ವಾರ ಉಳಿದಿದೆ?"

ಒಂದು ಕೋಳಿ ಮೊರದ ಹತ್ತಿರ ಬಂತು. ತೌಡಮ್ಮ ಕೈ ಬೀಸಿ ಓಡಿಸಿದಳು.

"ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ನೀನು ಹೋದ್ರೆ ಆ ಹೆಸರೂ ನಿನ್ನ ಜೊತೆ ಮಣ್ಣಿಗೆ ಹೋಗುತ್ತೆ."

"ಅದು ಯಾವಾಗ್ಲೋ ಹೋಗಿದೆ ಕಣೇ" ಎಂದಳು ಮುದುಕಿ.

ಬಾಚಣಿಗೆ ನಿಂತಿತು.

"ನಂಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ. ಅವತ್ತು ತಿಪ್ಪೆ ಹತ್ರ ನಿಮ್ಮಕ್ಕ ನನ್ನ ಕಿವೀಲಿ ಹೇಳಿದ್ಲು. ನಾನು ಮೊರದಲ್ಲಿ ನಿನ್ನೇ ನೋಡ್ತಿದ್ದೆ. ಕಣ್ಣು ಬಿಟ್ಕೊಂಡು, ಕೈ ಮುಷ್ಟಿ ಹಿಡ್ಕೊಂಡು, ಹೆಣ್ಣು ಕೂಸು. ನಂಗೆ ಮೂರೂ ಗಂಡೇ. ಕೈಗೆ ತಗೊಂಡ್ಮೇಲೆ ನನ್ನ ಜ್ಞಾನ ನನ್ನ ಹತ್ರ ಇರ್ಲಿಲ್ಲ. ಅವಳು ಏನಂದ್ಲೋ, ಈ ಕಿವೀಲಿ ಬಂತು, ಎಲ್ಲಿಗೆ ಹೋಯ್ತೋ. ಮನೆಗೆ ಬಂದ್ಮೇಲೆ ನೆನೆಸ್ಕೊಂಡ್ರೆ ಖಾಲಿ."

"ಅಕ್ಕನ್ನ ಕೇಳ್ಬೋದಿತ್ತಲ್ಲ!"

"ಹೆಂಗೇ ಕೇಳ್ಲಿ? ಅವಳು ಎರಡನೇ ಸಲ ಬಾಯಿ ಬಿಟ್ರೆ ನಿಂಗೇನಾದ್ರೂ ಆಗಿದ್ರೆ? ನಿನ್ನ ಮದುವೆ ದಿನ ಬೆಳಗ್ಗೆಯಿಂದ ಯೋಚ್ನೆ ಮಾಡ್ದೆ. ಬರ್ಲಿಲ್ಲ. ಮಿಲ್ಲಿನ ತೌಡು ಅಂದೆ. ಅಮಾವಾಸ್ಯೆ ಅಂದೆ. ಅವಳು ಸಾಯ್ತಾ ಮಲಗಿದಾಗ ನಡ್ಕೊಂಡು ಬರ್ಲಿ ಅಂದೆ. ನಡ್ಯೋಕಾಗಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಂದೆ."

ತೌಡಮ್ಮ ಎದ್ದು ನಿಂತಳು. ಕೈಯೆಲ್ಲ ಎಣ್ಣೆ. ಇಷ್ಟು ವರ್ಷ ಊರೆಲ್ಲ ಇವಳನ್ನು ಗಟ್ಟಿಗಿತ್ತಿ ಎಂದಿತ್ತು, ನೇಮದವಳು ಎಂದಿತ್ತು, ಹಟಮಾರಿ ಎಂದಿತ್ತು. ಕದಿರೇಶ ಸ್ವಾರ್ಥಿ ಎಂದಿದ್ದ. ಮರೆತವಳು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಒಂದು ಮರೆವನ್ನು ಮುಚ್ಚಿಡಲು ಈ ಮುದುಕಿ ಇಡೀ ಒಂದು ಶಾಸ್ತ್ರವನ್ನೇ ಕಟ್ಟಿದ್ದಳು. ಊರು ಅದನ್ನು ಪಾಲಿ‍ಸಿತ್ತು. ಅಕ್ಕ ಅದನ್ನು ನಂಬಿ ಬಾಯಿ ಮುಚ್ಚಿಕೊಂಡು ಸತ್ತಿದ್ದಳು.

ಮೊರ ಎತ್ತಿಕೊಂಡು ಹೊರಟುಬಿಡಬೇಕೆಂದು ಅವಳು ಬಾಗಿದಳು. ಮುದುಕಿ ತಲೆ ಎತ್ತಲಿಲ್ಲ. ಅರ್ಧ ಬಾಚಿದ ಕೂದಲು ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಕೆದರಿ, ತಿಪ್ಪೆಯ ಮೇಲೆ ಯಾರೋ ಬಿಟ್ಟುಹೋದ ಕೂಸಿನಂತೆ ಕೂತಿದ್ದಳು. ತೌಡಮ್ಮ ಮೊರವನ್ನು ಅಲ್ಲೇ ಬಿಟ್ಟಳು. ಮತ್ತೆ ಹಿಂದೆ ಕೂತು ಉಳಿದರ್ಧ ಬಾಚಿದಳು. ಗಂಟು ಕಟ್ಟಿದಳು. ಆಮೇಲೆ ಮೊರವನ್ನು ಮುದುಕಿಯ ಮಡಿಲಿಗೆ ಸರಿಸಿದಳು.

"ತಗೋ. ನಿನ್ನ ತೌಡು. ಈಗ ನನ್ನ ವಾಪಸ್ ಕೊಡು."

"ಯಾರಿಗೇ ಕೊಡ್ಲಿ? ಮಾರಿದೋರು ಯಾರೂ ಇಲ್ವಲ್ಲ."

"ನಂಗೇ ಕೊಡು."

ದೊಡ್ಡಗಂಗಮ್ಮ ಅವಳ ಕೈ ಹುಡುಕಿ ಹಿಡಿದುಕೊಂಡಳು. "ಹೆಸರು ಹಿಡಿದು ಕರೀಬೇಕಲ್ಲೇ. ಏನಂತ ಕರೀಲಿ?"

"ಇಷ್ಟು ದಿನ ಏನಂತ ಕರ್ದೆ?"

ಮುದುಕಿ ಹಿಡಿದ ಕೈ ಬಿಡದೆ, "ತೌಡಮ್ಮಾ" ಎಂದು ಕರೆದಳು.

"ಓ" ಎಂದಳು ತೌಡಮ್ಮ.

ಅಷ್ಟರಲ್ಲಿ ಕೋಳಿಗಳು ಎರಡು ಕಡೆಯಿಂದಲೂ ಮೊರಕ್ಕೆ ಮುತ್ತಿದ್ದವು. ಐವತ್ತೇಳು ವರ್ಷದ ವ್ಯವಹಾರವನ್ನು ಅವು ಒಂದು ನಿಮಿಷದಲ್ಲಿ ತಿಂದು ಮುಗಿಸಿದವು. ಒಂದೂ ಸಾಯಲಿಲ್ಲ.

"ಮುಂದಿನ ಶುಕ್ರವಾರ ಬರ್ತೀಯಾ?" ಎಂದಳು ದೊಡ್ಡಗಂಗಮ್ಮ. "ಈಗ ನೀನು ನನ್ನ ಮಗಳಲ್ಲವಲ್ಲ."

"ಎಣ್ಣೆ ಮುಗ್ದಿದೆ. ತರಿಸಿಡು" ಎಂದು ತೌಡಮ್ಮ ಬರಿದಾದ ಮೊರ ಕಂಕುಳಲ್ಲಿಟ್ಟುಕೊಂಡು ಹೊರಬಿದ್ದಳು.

ಮುತ್ಯಾಲಮ್ಮನನ್ನು ಮಣ್ಣು ಮಾಡಿರುವುದು ದಾರಿಯಲ್ಲೇ, ಮಾವಿನ ತೋಪಿನ ಅಂಚಿನಲ್ಲಿ. ಮೇಲೆ ಸುಣ್ಣ ಬಳಿದ ಒಂದು ದಿಂಡುಕಲ್ಲು. ಅದಕ್ಕೆ ಹೆಸರು ಕೆತ್ತಿಸಿಲ್ಲ. ಅವಳು ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಫೋನು ಬಂತು. ಹಿಂದೆ ಕಲ್ಲು ಕೊರೆಯುವ ಯಂತ್ರದ ಸದ್ದು.

"ಅಮ್ಮಾ, ಹೇಳಿದ್ಲಾ ಮುದುಕಿ? ಏನಂತೆ ಹೆಸರು?"

"ಹೇಳಿದ್ಲು ಕಣೋ. ತೌಡಮ್ಮ ಅಂತೆ."

"ಅದು ಗೊತ್ತಮ್ಮ. ಇನ್ನೊಂದು?"

"ಇನ್ನೊಂದೂ ಅದೇ ಅಂತೆ."

ಆ ಕಡೆ ಯಂತ್ರ ನಿಂತಿತು. "ಹಂಗಾದ್ರೆ…?" ಎಂದ ಕದಿರೇಶ.

"ಹಂಗಾದ್ರೆ ಅದನ್ನೇ ಕೆತ್ತೋಕೆ ಹೇಳು. ದೊಡ್ಡ ಅಕ್ಷರದಲ್ಲಿ. ಯಾರಾದ್ರೂ ತೌಡು ಕೇಳ್ಕೊಂಡು ಬಂದ್ರೆ ಒಳಗೆ ಕರೆದು ಕಾಫಿ ಕೊಡು" ಎಂದು ಫೋನು ಇಟ್ಟಳು.

ಮುದುಕಿ ಮರೆತ ಸಂಗತಿಯನ್ನು ಅವಳು ಮಗನಿಗಾಗಲಿ ಊರಿಗಾಗಲಿ ಹೇಳುವವಳಲ್ಲ. ಊರಿನಲ್ಲಿ ಆಡಿಕೊಳ್ಳಲು ಬೇರೆ ವಿಷಯಗಳಿಗೆ ಬರವೇನಿಲ್ಲ.

ದಿಂಡುಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಮೊರದ ಅಂಚಿನಿಂದ ಗುಡಿಸಿದಳು. ಹೇಳಬೇಕಾದ್ದು ಒಂದೇ ಮಾತು. ಬದುಕಿಡೀ ದೊಡ್ಡಗಂಗಮ್ಮನಿಗೆ ದಿನಕ್ಕೆ ಹತ್ತು ಸಲ ಹೇಳಿ ಸವೆದಿದ್ದ ಮಾತು, ಈ ಕಲ್ಲಿನ ಮುಂದೆ ಹೊಸ ಬಳೆಯಂತೆ ಬಿಗಿಯಾಗಿತ್ತು. ಮೊದಲು ರೂಢಿಯಂತೆ "ಅಕ್ಕಾ" ಎಂದೇ ಬಂತು. ತಲೆ ಅಲ್ಲಾಡಿಸಿದಳು. ಸುತ್ತ ನೋಡಿದಳು. ತೋಪಿನಲ್ಲಿ ಯಾರೂ ಇರಲಿಲ್ಲ.

"ಅಮ್ಮಾ" ಎಂದಳು.

ಹೇಳಿ, ಉಸಿರು ಹಿಡಿದು, ಒಂದು ಗಳಿಗೆ ಕಾದಳು. ಯಮ ಬರಲಿಲ್ಲ. ಮಂಡಿಗೆ ಹೋಗುವ ಆಟೊ ಬಂತು.